ಅಡ್ಡಕ್ಕೆ ಜಾರಿದರೆ 15 ಕಿ.ಮೀ. ವೇಗವೇ ಸಾಕು: ಟ್ರಾವೆಲ್ ಟ್ರೇಲರ್ ಉರುಳುವ ಲೆಕ್ಕ

ವೆಹಿಕಲ್ ಡೈನಮಿಕ್ಸ್‌ನಲ್ಲಿ ರೋಲ್‌ಓವರ್ ಪಾಠ ಓದುತ್ತಿರುವವರಿಗಾಗಿ ಈ ಟಿಪ್ಪಣಿ. ಪುಸ್ತಕದಲ್ಲಿ ಬರುವ ಉದಾಹರಣೆಗಳೆಲ್ಲ ಕಾರು, ಲಾರಿ, ಬಸ್ಸಿನವು. ನಾನು ಹಿಡಿದುಕೊಂಡದ್ದು ಟ್ರಾವೆಲ್ ಟ್ರೇಲರ್. ಕಾರು ಅಥವಾ ಪಿಕಪ್ ಹಿಂದೆ ಎಳೆದುಕೊಂಡು ಹೋಗುವ, ಒಳಗೆ ಮಲಗಲು, ಅಡುಗೆ ಮಾಡಲು ಜಾಗ ಇರುವ ಗಾಡಿ. ಅಮೆರಿಕ, ಕೆನಡಾ, ಯುರೋಪಿನಲ್ಲಿ ಇದು ಮಾಮೂಲಿ, ನಮ್ಮ ಕಡೆ ಇನ್ನೂ ಅಪರೂಪ. ಆದರೂ ಜೋಗ, ಕೊಡಚಾದ್ರಿ, ಆಗುಂಬೆ ಸುತ್ತಲು ಒಂದು ಕಟ್ಟಿಸೋಣ ಅಂತ ಮಾತಾಡುವ ಗೆಳೆಯರು ಶಿವಮೊಗ್ಗದಲ್ಲೂ ಇದ್ದಾರೆ. ಅವರು ಕೇಳುವ ಮೊದಲ ಪ್ರಶ್ನೆಯೇ ಇದು: ಹೆದ್ದಾರಿಯಲ್ಲಿ ಪಲ್ಟಿ ಹೊಡೆದರೆ ಈ ಡಬ್ಬಿ ತಡೆಯುತ್ತಾ? ಬಹುತೇಕ ತಡೆಯುವುದಿಲ್ಲ. ಆದರೆ ಉರುಳಲು ಶುರುವಾಗುವುದು ಹೇಗೆ ಅನ್ನುವುದು ಅದಕ್ಕಿಂತ ದೊಡ್ಡ ವಿಷಯ. ಟಿಪ್ಪಣಿಯ ಹೆಚ್ಚಿನ ಭಾಗ ಅದರ ಮೇಲೇ ಇದೆ.

ಸ್ಥಿರತೆಯ ಅಂಕಿ

ಇದು ಸುಲಭ, ಬೇಗ ಮುಗಿಸೋಣ. ಎಡ ಬಲ ಚಕ್ರಗಳ ನಡುವಿನ ಅಗಲದಲ್ಲಿ ಅರ್ಧ ತೆಗೆದುಕೊಳ್ಳಿ. ಅದನ್ನು ಗುರುತ್ವ ಕೇಂದ್ರದ ಎತ್ತರದಿಂದ ಭಾಗಿಸಿ. ಬರುವುದೇ ಸ್ಟ್ಯಾಟಿಕ್ ಸ್ಟೆಬಿಲಿಟಿ ಫ್ಯಾಕ್ಟರ್. ಅಮೆರಿಕದ ರಸ್ತೆ ಸುರಕ್ಷತಾ ಸಂಸ್ಥೆ ಎನ್‌ಎಚ್‌ಟಿಎಸ್‌ಎ ವಾಹನಗಳಿಗೆ ಉರುಳುವಿಕೆಯ ಸ್ಟಾರ್ ಕೊಡುವಾಗ ಬಳಸುವುದು ಇದನ್ನೇ. ಸಾಮಾನ್ಯ ಕಾರಿಗೆ ಸುಮಾರು 1.3ರಿಂದ 1.5, ಎಸ್‌ಯುವಿ ಮತ್ತು ಪಿಕಪ್‌ಗೆ 1.0ರಿಂದ 1.3 ಬರುತ್ತದೆ.

ಲೆಕ್ಕಕ್ಕೆ ಒಂದು ಟ್ರೇಲರ್ ಊಹಿಸಿಕೊಳ್ಳೋಣ. ಚಕ್ರಗಳ ನಡುವೆ 1.9 ಮೀ., ಗುರುತ್ವ ಕೇಂದ್ರ ನೆಲದಿಂದ 1.1 ಮೀ. ಮೇಲೆ. ಡಬ್ಬಿಯ ಅಗಲ 2.3 ಮೀ., ಎತ್ತರ 2.4 ಮೀ. ಅಂಕಿ ಬರುವುದು 0.95 ÷ 1.1 = 0.86. ಎಸ್‌ಯುವಿಗಿಂತಲೂ ಕಡಿಮೆ.

ಅಡ್ಡ ವೇಗೋತ್ಕರ್ಷ ಗುರುತ್ವದ (ಜಿ) ಇಷ್ಟು ಪಾಲು ಮುಟ್ಟಿದಾಗ ಗಾಡಿ ಉರುಳಲು ಶುರುವಾಗುತ್ತದೆ, ಅಂದ್ರೆ ಇಲ್ಲಿ 0.86 ಜಿ. ಈಗ ತಿರುವು. 150 ಮೀ. ತ್ರಿಜ್ಯದ ತಿರುವಿನಲ್ಲಿ 80 ಕಿ.ಮೀ. ವೇಗ ಅಂದ್ರೆ ಅಡ್ಡ ವೇಗೋತ್ಕರ್ಷ 0.34 ಜಿ. ಆಗುಂಬೆ ಘಾಟಿಯ ಹೇರ್‌ಪಿನ್‌ನಲ್ಲಿ ತ್ರಿಜ್ಯ 12 ಮೀ. ಅಂದುಕೊಂಡು 15 ಕಿ.ಮೀ.ನಲ್ಲಿ ತಿರುಗಿಸಿದರೆ 0.15 ಜಿ. ಸಸ್ಪೆನ್ಷನ್ ವಾಲುವುದು, ಟೈರ್ ಬಾಗುವುದು ಸೇರಿಸಿದರೆ 0.86 ಇನ್ನಷ್ಟು ಇಳಿಯುತ್ತದೆ, ನಿಜ. ಆದರೂ ತುಂಬಾ ಅಂತರ ಉಳಿಯುತ್ತದೆ. ಹಾಗಾದರೆ ಬರೀ ತಿರುವು ಟ್ರೇಲರನ್ನು ಉರುಳಿಸುತ್ತಿಲ್ಲ ಅಂತಾಯ್ತು, ಅಲ್ವಾ? ಮತ್ತೆ ಉರುಳಿಸುವುದು ಏನು?

ಎಡವಿ ಬೀಳುವುದು

ಒಂದೇ ವಾಹನ ಒಳಗೊಂಡ ಪಲ್ಟಿಗಳಲ್ಲಿ ಶೇ. 95ರಷ್ಟು ಎಡವಿ ಬಿದ್ದವು ಅನ್ನುತ್ತದೆ ಎನ್‌ಎಚ್‌ಟಿಎಸ್‌ಎ. ವಾಹನ ಅಡ್ಡಕ್ಕೆ ಜಾರುತ್ತಿರುತ್ತದೆ. ಚಕ್ರಕ್ಕೆ ಕಟ್ಟೆಯೋ ಮೆದು ಮಣ್ಣೋ ಚರಂಡಿಯ ಅಂಚೋ ಸಿಗುತ್ತದೆ. ಚಕ್ರ ನಿಲ್ಲುತ್ತದೆ, ಮೇಲಿನ ಭಾಗ ನಿಲ್ಲುವುದಿಲ್ಲ. ಮಂಡಗದ್ದೆ ಕಡೆ ತುಂಗೆಯ ಪಕ್ಕದಲ್ಲಿ ಹೋಗುವ ತೀರ್ಥಹಳ್ಳಿ ರಸ್ತೆಯನ್ನು ಮುಂಗಾರಿನಲ್ಲಿ ನೋಡಿ. ಟಾರಿನ ಅಂಚು ದಾಟಿದರೆ ನೆನೆದ ಕೆಂಪು ಮಣ್ಣು. ಒಂದು ಚಕ್ರ ಅದಕ್ಕಿಳಿದರೆ ಟೈರಿನ ಪಕ್ಕ ಮಣ್ಣು ಏರಿ ತಾನೇ ಒಂದು ಕಟ್ಟೆ ಕಟ್ಟಿಕೊಳ್ಳುತ್ತದೆ.

ಈಗ ಪ್ರಶ್ನೆ: ಎಷ್ಟು ಅಡ್ಡ ವೇಗ ಇದ್ದರೆ ಟ್ರೇಲರ್ ಉರುಳುತ್ತದೆ? ಇದನ್ನು ಕ್ರಿಟಿಕಲ್ ಸ್ಲೈಡಿಂಗ್ ವೆಲಾಸಿಟಿ ಅನ್ನುತ್ತಾರೆ. ನನ್ನನ್ನು ತುಂಬಾ ಹೊತ್ತು ಕೂರಿಸಿದ ಹಂತ ಇದು. ಹಾಗಾಗಿ ನಿಧಾನವಾಗಿ ಹೋಗೋಣ.

ಮೊದಲು, ಉರುಳಬೇಕಾದರೆ ಏನಾಗಬೇಕು? ಗುರುತ್ವ ಕೇಂದ್ರ ಹೊರ ಚಕ್ರದ ನೇರ ಮೇಲಕ್ಕೆ ಬರಬೇಕು. ಆಗ ಅದರ ಎತ್ತರ 0.95 ಮತ್ತು 1.1ರ ಕರ್ಣ, ಅಂದ್ರೆ 1.453 ಮೀ. ಮೊದಲು ಇದ್ದದ್ದು 1.1. ಏರಬೇಕಾದದ್ದು ಬರೀ 0.353 ಮೀ., ಒಂದು ಮೊಳಕ್ಕಿಂತ ಕಡಿಮೆ.

ಇಲ್ಲಿ ಕೈ ತಾನಾಗೇ ಒಂದು ಸಮೀಕರಣ ಬರೆಯಲು ಹೋಗುತ್ತದೆ: ಚಲನ ಶಕ್ತಿ ಪೂರ್ತಿ ಎತ್ತರದ ಶಕ್ತಿ ಆಯಿತು ಅಂತ. ಹಾಗೆ ಮಾಡಿದರೆ ವೇಗ = √(2 × 9.81 × 0.353) = ಸೆಕೆಂಡಿಗೆ 2.63 ಮೀ., ಗಂಟೆಗೆ 9.5 ಕಿ.ಮೀ. ಈ ಉತ್ತರ ತಪ್ಪು. ಚಕ್ರ ಕಟ್ಟೆಗೆ ಬಡಿದಾಗ ಶಕ್ತಿಯಲ್ಲಿ ದೊಡ್ಡ ಪಾಲು ಅಲ್ಲೇ ಹೋಗುತ್ತದೆ. ರಿಮ್ ಬಾಗುತ್ತದೆ, ಆಕ್ಸಲ್ ಬಾಗುತ್ತದೆ, ಮಣ್ಣು ಕಿತ್ತುಬರುತ್ತದೆ. ಬಡಿತದ ಆ ಕ್ಷಣದಲ್ಲಿ ಶಕ್ತಿ ಉಳಿಯುವುದಿಲ್ಲ. ಹಾಗಾದರೆ ಉಳಿಯುವುದು ಯಾವುದು?

ಉಳಿಯುವುದು ಆ್ಯಂಗ್ಯುಲರ್ ಮೊಮೆಂಟಮ್, ಅಂದ್ರೆ ಒಂದು ಬಿಂದುವಿನ ಸುತ್ತ ತಿರುಗುವ ಆವೇಗ. ಆದರೆ ಕಟ್ಟೆಗೆ ಚಕ್ರ ತಾಗಿದ ಬಿಂದುವಿನ ಸುತ್ತ ಮಾತ್ರ. ಕಾರಣ, ಕಟ್ಟೆ ಕೊಡುವ ಬಲ ಅದೇ ಬಿಂದುವಿನ ಮೂಲಕ ಹಾದುಹೋಗುತ್ತದೆ. ಆ ಬಿಂದುವಿನ ಸುತ್ತ ಅದಕ್ಕೆ ಸನ್ನೆಯ ಉದ್ದವೇ ಇಲ್ಲ, ಟಾರ್ಕ್ ಸೊನ್ನೆ. ಟ್ರೇಲರಿನ ತೂಕಕ್ಕೆ ಟಾರ್ಕ್ ಇದೆ, ಆದರೆ ಬಡಿತ ಎಷ್ಟು ಚಿಕ್ಕ ಹೊತ್ತಿನದು ಅಂದ್ರೆ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕಿಲ್ಲ.

ಮುಂದಿನ ಗೊಂದಲ ಇನ್ನೂ ಗಟ್ಟಿ. ಬಡಿಯುವ ಮುಂಚೆ ಟ್ರೇಲರ್ ತಿರುಗುತ್ತಲೇ ಇಲ್ಲ, ಸುಮ್ನೆ ನೇರವಾಗಿ ಅಡ್ಡಕ್ಕೆ ಜಾರುತ್ತಿದೆ. ತಿರುಗದ ವಸ್ತುವಿಗೆ ಆ್ಯಂಗ್ಯುಲರ್ ಮೊಮೆಂಟಮ್ ಎಲ್ಲಿಂದ ಬಂತು? ಬಿಂದು ಯಾವುದು ಅನ್ನುವುದರಿಂದ ಬಂತು. ನೇರ ಹೋಗುವ ವಸ್ತುವಿಗೂ ಅದರ ದಾರಿಯಿಂದ ದೂರ ಇರುವ ಬಿಂದುವಿನ ಸುತ್ತ ಆ್ಯಂಗ್ಯುಲರ್ ಮೊಮೆಂಟಮ್ ಇರುತ್ತದೆ: ದ್ರವ್ಯರಾಶಿ × ವೇಗ × ಆ ದೂರ. ನಮ್ಮ ಬಿಂದು ನೆಲದಲ್ಲಿದೆ. ಗುರುತ್ವ ಕೇಂದ್ರ ಅದಕ್ಕಿಂತ 1.1 ಮೀ. ಎತ್ತರದಲ್ಲಿ ಹೋಗುತ್ತಿದೆ. ದೂರ ಅಂದ್ರೆ ಆ 1.1. ಚಕ್ರದ ಬಿಂದುವಿನಿಂದ ಗುರುತ್ವ ಕೇಂದ್ರಕ್ಕೆ ಓರೆಯಾಗಿ ಅಳೆದ 1.453 ಅಲ್ಲ. ವೇಗ ಅಡ್ಡಕ್ಕೆ ಇರುವುದರಿಂದ ನೇರ ಎತ್ತರ ಮಾತ್ರ ಬೇಕು. ಇದೊಂದು ತಲೆಗೆ ಹೋದರೆ ಉಳಿದದ್ದು ಬರೀ ಅಂಕಿ.

ಪ್ರತಿ ಕೆ.ಜಿ.ಗೆ ಲೆಕ್ಕ ಹಾಕೋಣ, ದ್ರವ್ಯರಾಶಿ ಎರಡೂ ಕಡೆ ಹೊಡೆದುಹೋಗುತ್ತದೆ. ತೂಕ ಸಮನಾಗಿ ಹರಡಿದೆ ಅಂದುಕೊಂಡರೆ ಗುರುತ್ವ ಕೇಂದ್ರದ ಸುತ್ತ ಇನರ್ಷಿಯಾ (ತಿರುಗಲು ವಸ್ತು ಒಡ್ಡುವ ಅಡ್ಡಿ) (2.3² + 2.4²) ÷ 12 = 0.92. ಚಕ್ರದ ಬಿಂದುವಿಗೆ ಸರಿಸಲು 1.453² = 2.11 ಸೇರಿಸಿ. ಒಟ್ಟು 3.03. ಬಡಿತದ ನಂತರ 0.353 ಮೀ. ಏರಲು ಬೇಕಾದ ತಿರುಗು ವೇಗ √(2 × 9.81 × 0.353 ÷ 3.03), ಅಂದ್ರೆ ಸೆಕೆಂಡಿಗೆ 1.51 ರೇಡಿಯನ್. ಅದನ್ನು 3.03ರಿಂದ ಗುಣಿಸಿ, 1.1ರಿಂದ ಭಾಗಿಸಿ. ಅಡ್ಡ ವೇಗ ಸೆಕೆಂಡಿಗೆ 4.2 ಮೀ. ಗಂಟೆಗೆ 15 ಕಿ.ಮೀ. ಆಯಿತು.

ಸರಿ ಇದೆಯಾ ಅಂತ ಪರೀಕ್ಷಿಸಲು ಒಂದು ದಾರಿ ಇದೆ. 1.1² ÷ 3.03 = 0.4. ಚಲನ ಶಕ್ತಿಯಲ್ಲಿ ಶೇ. 40 ಮಾತ್ರ ತಿರುಗುವುದಕ್ಕೆ ಹೋಯಿತು, ಶೇ. 60 ಬಡಿತದಲ್ಲಿ ಮುಗಿಯಿತು. 9.5ನ್ನು √0.4ರಿಂದ ಭಾಗಿಸಿದರೆ ಮತ್ತೆ 15 ಬರುತ್ತದೆ.

ಈ 15 ಗಟ್ಟಿ ಕಟ್ಟೆಗೆ ಬಡಿದಾಗಿನ ಲೆಕ್ಕ. ಮಣ್ಣಿನಲ್ಲಿ ಚಕ್ರ ನಿಧಾನಕ್ಕೆ ಹೂತುಕೊಳ್ಳುವುದರಿಂದ ಸ್ವಲ್ಪ ಜಾಸ್ತಿ ವೇಗ ಬೇಕು. ಟ್ರೇಲರನ್ನು ಕಾರಿಗೆ ಜೋಡಿಸುವ ಕೊಂಡಿ, ಅಂದ್ರೆ ಹಿಚ್, ಹಿಡಿದುಕೊಂಡಿರುವುದನ್ನೂ ಇಲ್ಲಿ ಬಿಟ್ಟಿದ್ದೇನೆ.

ಈಗ ಸಾಮಾನು ಕೆಳಗಿಟ್ಟು ಗುರುತ್ವ ಕೇಂದ್ರವನ್ನು 1.1ರಿಂದ 0.95ಕ್ಕೆ ಇಳಿಸಿ ನೋಡಿ. ಸ್ಥಿರತೆಯ ಅಂಕಿ 0.86ರಿಂದ 1.0ಕ್ಕೆ ಏರುತ್ತದೆ, ನೋಡಲು ಚೆಂದ. ಎಡವುವ ವೇಗ ಮಾತ್ರ 15ರಿಂದ 17.4 ಕಿ.ಮೀ.ಗೆ ಹೋಗುತ್ತದೆ, ಅಷ್ಟೇ. ಚಾವಣಿ ಮೇಲೆ ಹೇರಿ 1.25 ಮಾಡಿದರೆ 13.3. ಗುರುತ್ವ ಕೇಂದ್ರ ಇಳಿಸುವುದು ಒಳ್ಳೆಯದೇ, ಬೇಡ ಅನ್ನುತ್ತಿಲ್ಲ. ಆದರೆ ಹೆಚ್ಚು ಕೆಲಸ ಮಾಡುವುದು ಟ್ರೇಲರ್ ಅಡ್ಡ ಜಾರದಂತೆ ನೋಡಿಕೊಳ್ಳುವುದು.

ನನಗೆ ಇಷ್ಟದ ಅಡ್ಡದಾರಿ

ಹೆದ್ದಾರಿಯಲ್ಲಿ ನೇರ ಹೋಗುವ ಟ್ರೇಲರಿಗೆ 15 ಕಿ.ಮೀ. ಅಡ್ಡ ವೇಗ ಹೇಗೆ ಬರುತ್ತದೆ? ಬಾಲ ಬೀಸಿದಾಗ, ಅಂದ್ರೆ ಟ್ರೇಲರಿನ ಹಿಂಭಾಗ ಎಡಕ್ಕೂ ಬಲಕ್ಕೂ ತೂಗಾಡಿದಾಗ. ರಸ್ತೆಯ ದಿಕ್ಕಿಗೂ ಟ್ರೇಲರ್ ಮುಖ ಮಾಡಿದ ದಿಕ್ಕಿಗೂ ನಡುವಿನ ಕೋನ ತೆಗೆದುಕೊಳ್ಳಿ. ವೇಗ × ಆ ಕೋನದ ಸೈನ್ = ಅಡ್ಡ ವೇಗ. ಅಷ್ಟೇ.

80 ಕಿ.ಮೀ.ನಲ್ಲಿ ಕೋನ 11 ಡಿಗ್ರಿ ಆದರೆ ಅಡ್ಡ ವೇಗ ಆಗಲೇ 15 ದಾಟಿತು. 40 ಕಿ.ಮೀ.ನಲ್ಲಿ ಅದೇ ಆಗಲು 22 ಡಿಗ್ರಿ ಬೇಕು. ಅಂದ್ರೆ ವೇಗ ಅರ್ಧ ಮಾಡಿದರೆ ನಿಮಗೆ ಸಿಗುವ ಅವಕಾಶ ಎರಡರಷ್ಟು. ಜರ್ಮನಿಯಲ್ಲಿ ಕಾರಿನ ಹಿಂದೆ ಟ್ರೇಲರ್ ಇದ್ದರೆ ಸಾಮಾನ್ಯ ಮಿತಿ 80 ಕಿ.ಮೀ., ವಿಶೇಷ ಒಪ್ಪಿಗೆ ಪಡೆದ ಜೋಡಿಗೆ ಮಾತ್ರ 100. ಈ ಸೈನ್ ಲೆಕ್ಕ ನೋಡಿದ ಮೇಲೆ ಆ ಮಿತಿ ನನಗೆ ಪೂರ್ತಿ ಸರಿ ಅನ್ನಿಸುತ್ತದೆ. ಸಾಗರದ ಕಡೆ ರಸ್ತೆ ಖಾಲಿ ಇದೆ ಅಂತ ಟ್ರೇಲರ್ ಕಟ್ಟಿಕೊಂಡು 100ರಲ್ಲಿ ಹೋಗುವುದು ಬೇಡವೇ ಬೇಡ.

ಬಾಲ ಬೀಸಲು ಮುಖ್ಯ ಕಾರಣ ಹಿಂದೆ ತೂಕ ಜಾಸ್ತಿ ಆಗುವುದು. ಅಮೆರಿಕದಲ್ಲಿ ಒಟ್ಟು ತೂಕದ ಶೇ. 10ರಿಂದ 15 ಹಿಚ್‌ನ ಗುಂಡಿನ ಮೇಲೆ ಇರಲಿ ಅನ್ನುತ್ತಾರೆ. 1,800 ಕೆ.ಜಿ. ಟ್ರೇಲರಿಗೆ ಶೇ. 10 ಅಂದ್ರೆ 180 ಕೆ.ಜಿ. ಗುಂಡಿನಿಂದ ಆಕ್ಸಲ್‌ಗೆ 4 ಮೀ. ಇದ್ದರೆ, 60 ಕೆ.ಜಿ. ಸಾಮಾನನ್ನು ಆಕ್ಸಲ್‌ನ ಮುಂದೆ 1 ಮೀ.ನಿಂದ ತೆಗೆದು ಹಿಂದೆ 2 ಮೀ.ಗೆ ಇಟ್ಟರೆ ಗುಂಡಿನ ಮೇಲಿನ ಭಾರ 60 × 3 ÷ 4 = 45 ಕೆ.ಜಿ. ಇಳಿಯುತ್ತದೆ. ಉಳಿದದ್ದು 135, ಶೇ. 7.5. ಒಂದು ಅಕ್ಕಿ ಮೂಟೆ, ಒಂದಿಷ್ಟು ಪಾತ್ರೆ ಜಾಗ ಬದಲಿಸಿದ್ದಕ್ಕೆ ಇಷ್ಟು ವ್ಯತ್ಯಾಸ.

ಬೀಸಲು ಶುರುವಾದರೆ ಆಕ್ಸಿಲರೇಟರ್ ಬಿಡಿ, ಸ್ಟಿಯರಿಂಗ್ ನೇರ ಹಿಡಿಯಿರಿ. ಟ್ರೇಲರಿಗೆ ಬೇರೆ ಬ್ರೇಕ್ ಕಂಟ್ರೋಲ್ ಇದ್ದರೆ ಅದನ್ನು ಮಾತ್ರ ಒತ್ತಿ. ವೇಗ ಹೆಚ್ಚಿಸಿ ನೇರ ಮಾಡುತ್ತೇನೆ ಅಂತ ಹೊರಟರೆ ಸೈನ್ ಲೆಕ್ಕದಲ್ಲಿ ವೇಗವೂ ಕೋನವೂ ಎರಡೂ ಏರುತ್ತವೆ.

ಡಬ್ಬಿ ಏನಾಗುತ್ತದೆ

ಬಸ್ಸಿಗೆ ಒಂದು ಪರೀಕ್ಷೆ ಇದೆ. ಯುರೋಪಿನ ಆರ್66 ನಿಯಮ, ನಮ್ಮಲ್ಲಿ ಎಐಎಸ್-031. ಬಸ್ಸನ್ನು ಓರೆ ಮಾಡಿ 800 ಮಿ.ಮೀ. ತಗ್ಗಿಗೆ ಬೀಳಿಸುತ್ತಾರೆ. ಒಳಗೆ ಜನ ಕೂರುವ ಜಾಗಕ್ಕೆ ಯಾವ ಕಂಬವೂ ನುಗ್ಗಬಾರದು. ಕಾರಿಗೆ ಅಮೆರಿಕದಲ್ಲಿ ಚಾವಣಿಯ ಬಲದ ನಿಯಮ ಇದೆ, 2,722 ಕೆ.ಜಿ.ವರೆಗಿನ ವಾಹನ ತನ್ನ ತೂಕದ ಮೂರರಷ್ಟು ಒತ್ತಡ ತಡೆಯಬೇಕು. ಈ ಚಾವಣಿ ನಿಯಮ ಟ್ರಾವೆಲ್ ಟ್ರೇಲರಿಗೆ ಅನ್ವಯಿಸುವುದಿಲ್ಲ. ಓಡುವಾಗ ಒಳಗೆ ಜನ ಇರುತ್ತಾರೆ ಅಂದುಕೊಂಡು ಅದನ್ನು ಕಟ್ಟಿಯೇ ಇಲ್ಲ.

ಕಟ್ಟುವ ರೀತಿ ಬೇರೆಬೇರೆ. ಅಗ್ಗದ್ದರಲ್ಲಿ ಮರದ ಸಣ್ಣ ಪಟ್ಟಿಗಳ ಚೌಕಟ್ಟು, ಮೇಲೆ ತೆಳು ಅಲ್ಯೂಮಿನಿಯಂ ತಗಡು, ಸೇರಿಸಿದ್ದು ಸ್ಟೇಪಲ್ ಮತ್ತು ಸ್ಕ್ರೂನಿಂದ. ಇನ್ನೊಂದರಲ್ಲಿ ಅಲ್ಯೂಮಿನಿಯಂ ಕೊಳವೆ, ನಡುವೆ ಫೋಮ್, ಎರಡೂ ಕಡೆ ಪ್ಲೈ, ಹೊರಗೆ ಫೈಬರ್‌ಗ್ಲಾಸ್ ಅಂಟಿಸಿದ ಗೋಡೆ. 1931ರಲ್ಲಿ ಶುರುವಾದ ಟ್ರೇಲರ್ ಕಂಪನಿ ಏರ್‌ಸ್ಟ್ರೀಮ್‌ನದು ರಿವೆಟ್ ಹೊಡೆದ ಅಲ್ಯೂಮಿನಿಯಂ ಚಿಪ್ಪು. 1968ರಲ್ಲಿ ಕೆನಡಾದ ವಿನಿಪೆಗ್‌ನಲ್ಲಿ ಬಂದ ಬೋಲರ್‌ನದು ಅಚ್ಚಿನಲ್ಲಿ ರೂಪಿಸಿದ ಎರಡು ಫೈಬರ್‌ಗ್ಲಾಸ್ ಅರ್ಧಗಳು. ನನ್ನ ಆಯ್ಕೆ ಆದರೆ ಕೊನೆಯ ಎರಡರಲ್ಲೇ. ಅವುಗಳಲ್ಲಿ ಸಂದುಗಳು ಕಡಿಮೆ, ಹೊರ ಚಿಪ್ಪೇ ಭಾರ ಹೊರುತ್ತದೆ.

ಪಲ್ಟಿಯಲ್ಲಿ ಮೊದಲು ಸೋಲುವುದು ಸಂದು. ಬೆಂಕಿಪೊಟ್ಟಣದ ಒಳಗಿನ ತಟ್ಟೆ ತೆಗೆದು ಹೊರ ಕವಚವನ್ನು ಬೆರಳಲ್ಲಿ ಒತ್ತಿ ನೋಡಿ, ಸುಲಭವಾಗಿ ಓರೆಯಾಗುತ್ತದೆ. ಟ್ರೇಲರಿನಲ್ಲಿ ಓರೆಯಾಗದಂತೆ ಹಿಡಿಯುವುದು ಮುಂದಿನ ಹಿಂದಿನ ಗೋಡೆ ಮತ್ತು ಒಳಗಿನ ಅಡ್ಡಗೋಡೆಗಳು. ಅವು ಹಿಡಿಯಬೇಕಾದರೆ ಮೂಲೆಯ ಸಂದು ಗಟ್ಟಿ ಇರಬೇಕು. ಚಾವಣಿಯ ಅಂಚು ನೆಲಕ್ಕೆ ಬಡಿದಾಗ ಸ್ಟೇಪಲ್ ಕಿತ್ತುಬರುತ್ತದೆ, ಚಾವಣಿ ಸಿಪ್ಪೆಯಂತೆ ಏಳುತ್ತದೆ, ಗೋಡೆ ಷಾಸಿಯಿಂದ ಬಿಡುತ್ತದೆ. ಷಾಸಿಯ ಉಕ್ಕಿನ ಬೀಮ್ ಮಾತ್ರ ಬಹುತೇಕ ಹಾಗೇ ಇರುತ್ತದೆ. ಗೋಡೆಯಿಂದ ಹೊರಕ್ಕೆ ಸರಿಯುವ ಸ್ಲೈಡ್‌ಔಟ್ ಇದ್ದರೆ ಅಷ್ಟು ದೊಡ್ಡ ತೂತು ಗೋಡೆಯಲ್ಲಿ ಮೊದಲೇ ಇದೆ. ಒಳಗೆ ಫ್ರಿಜ್, ಬ್ಯಾಟರಿ, ಗ್ಯಾಸ್ ಒಲೆ ಕಿತ್ತು ಹಾರುತ್ತವೆ. ಹೊರಡುವ ಮೊದಲು ಸಿಲಿಂಡರಿನ ವಾಲ್ವ್ ಮುಚ್ಚಿ ಅನ್ನುವುದು ಇದಕ್ಕೇ.

ಬ್ರಿಟನ್‌ನಲ್ಲಿ ಎಳೆಯುತ್ತಿರುವ ಕ್ಯಾರವಾನ್ (ಟ್ರಾವೆಲ್ ಟ್ರೇಲರಿಗೆ ಅಲ್ಲಿನ ಹೆಸರು) ಒಳಗೆ ಜನ ಕೂರುವಂತಿಲ್ಲ. ಅಮೆರಿಕದಲ್ಲಿ ರಾಜ್ಯದಿಂದ ರಾಜ್ಯಕ್ಕೆ ನಿಯಮ ಬೇರೆ. ಮಕ್ಕಳು ಹಿಂದೆ ಮಲಗಿರಲಿ ಅಂತ ಯಾರಾದರೂ ಅಂದರೆ ದಯವಿಟ್ಟು ಒಪ್ಪಬೇಡಿ.

ನಮ್ಮ ಕಡೆ ಕಟ್ಟಿಸುವವರು ನೋಡಬೇಕಾದ ಇನ್ನೊಂದು ವಿಷಯ ಮಳೆ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ.ಗೂ ಹೆಚ್ಚು ಸುರಿಯುತ್ತದೆ. ಚಾವಣಿಯೂ ಗೋಡೆಯೂ ಸೇರುವ ಅಂಚಿನ ಸೀಲಂಟ್ ಒಡೆದರೆ ನೀರು ಇಳಿಯುವುದು ಅದೇ ಮೂಲೆಯ ಮರಕ್ಕೆ. ಹೊರಗಿನ ತಗಡು ಹೊಳೆಯುತ್ತಲೇ ಇರುತ್ತದೆ, ಒಳಗೆ ಮರ ಮೆತ್ತಗಾಗಿ ಸ್ಕ್ರೂ ಬೆರಳಲ್ಲೇ ತಿರುಗುತ್ತದೆ. ಹಾಗಾಗಿ ಮಳೆಗಾಲ ಮುಗಿದ ಕೂಡಲೇ ನಾಲ್ಕೂ ಮೇಲ್ಮೂಲೆಗಳನ್ನು ಒಳಗಿನಿಂದ ಹೆಬ್ಬೆರಳಲ್ಲಿ ಒತ್ತಿ ನೋಡಿ. ಒತ್ತಿದಲ್ಲಿ ಪ್ಲೈ ಒಳಕ್ಕೆ ಹೋದರೆ ಆ ಪಟ್ಟಿ ಬದಲಿಸುವವರೆಗೆ ಹೆದ್ದಾರಿಗೆ ಇಳಿಸಬೇಡಿ.