ಒಂದೇ ಬೀದಿ, ಎರಡು ಬಾಡಿಗೆ

ಬಾಡಿಗೆಗೆ ಕಾನೂನಿನ ಮಿತಿ ಹಾಕಿದರೆ ಮನೆಗಳು ಕೈಗೆಟುಕುತ್ತವೆಯೇ? ಪರೀಕ್ಷಿಸುವುದು ಕಷ್ಟ. ಔಷಧವನ್ನಾದರೆ ಅರ್ಧ ಜನರಿಗೆ ಮಾತ್ರ ಕೊಟ್ಟು ನೋಡಬಹುದು; ಅರ್ಧ ಊರಿಗೆ ಮಾತ್ರ ಕಾನೂನು ಮಾಡುವವರಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಹೆಚ್ಚುಕಡಿಮೆ ಅದೇ ನಡೆಯಿತು.

1979ರಲ್ಲಿ ಅಲ್ಲಿ ಬಾಡಿಗೆ ನಿಯಂತ್ರಣ ತಂದಾಗ ನಾಲ್ಕು ಮನೆಗಳವರೆಗಿನ ಸಣ್ಣ ವಠಾರಗಳನ್ನು ಕೈಬಿಟ್ಟಿದ್ದರು. ಒಂದರಲ್ಲಿ ತಾವಿದ್ದು ಉಳಿದವನ್ನು ಬಾಡಿಗೆಗೆ ಕೊಡುವ ಸಣ್ಣ ಮಾಲೀಕರಿಗೆ ತೊಂದರೆಯಾಗಬಾರದೆಂಬ ಎಣಿಕೆ. 1994ರಲ್ಲಿ ಮತದಾರರು ಆ ವಿನಾಯಿತಿಯನ್ನು ತೆಗೆದುಹಾಕಿದರು, ಆದರೆ 1980ಕ್ಕೆ ಮುಂಚೆ ಕಟ್ಟಿದ ವಠಾರಗಳಿಗೆ ಮಾತ್ರ. ಹೀಗಾಗಿ ಒಂದೇ ಬಗೆಯ ಎರಡು ವಠಾರಗಳಲ್ಲಿ ತುಸು ಹಳೆಯದರ ಬಾಡಿಗೆಗೆ ಮಿತಿ ಬಂತು, ಹೊಸದಕ್ಕೆ ಬರಲಿಲ್ಲ. ಸ್ಟ್ಯಾನ್‌ಫೋರ್ಡ್‌ನ ಅರ್ಥಶಾಸ್ತ್ರಜ್ಞೆ ರೆಬೆಕಾ ಡೈಮಂಡ್ ಮತ್ತು ಸಂಗಡಿಗರು ಎರಡೂ ಕಡೆಯ ನಿವಾಸಿಗಳು ಮುಂದೆ ಎಲ್ಲಿದ್ದರೆಂದು ವಿಳಾಸ ಹಿಡಿದು ಪತ್ತೆಮಾಡಿ, 2019ರಲ್ಲಿ ಫಲಿತಾಂಶ ಪ್ರಕಟಿಸಿದರು.

ಮಿತಿ ಬಂದ ವಠಾರಗಳಲ್ಲಿ ಆಗಲೇ ಇದ್ದವರಿಗೆ ಕಾನೂನು ನಿಜಕ್ಕೂ ಆಸರೆಯಾಗಿತ್ತು. ಅವರು ಅದೇ ಮನೆಯಲ್ಲಿ ಉಳಿಯುವ ಸಾಧ್ಯತೆ ಶೇ. 10ರಿಂದ 20ರಷ್ಟು ಹೆಚ್ಚಿತ್ತು. ವಯಸ್ಸಾದವರಿಗೆ, ಬಹುಕಾಲದಿಂದ ಇದ್ದವರಿಗೆ ಇನ್ನೂ ಹೆಚ್ಚು. ಇದನ್ನು ಹಗುರವಾಗಿ ಕಾಣುವವರು ಬಾಡಿಗೆ ಮನೆ ಖಾಲಿ ಮಾಡಿದ ಅನುಭವವಿಲ್ಲದವರೇ ಇರಬೇಕು. ಮಕ್ಕಳ ಶಾಲೆ, ಗುರುತಿನ ಡಾಕ್ಟರು, ಹೊತ್ತಿಗೆ ಒದಗುವ ನೆರೆಮನೆಯವರು, ಎಲ್ಲವೂ ಒಟ್ಟಿಗೆ ತಪ್ಪಿಹೋಗುತ್ತವೆ.

ಆದರೆ ಕಾನೂನು ಬಾಡಿಗೆಯನ್ನು ಕಟ್ಟಿಹಾಕಿತ್ತು, ಮನೆಯನ್ನು ಮಾರುವ ಹಕ್ಕನ್ನಲ್ಲ. ಮಾಲೀಕರು ವಠಾರಗಳನ್ನು ಫ್ಲ್ಯಾಟ್‌ಗಳಾಗಿಸಿ ಮಾರಿದರು, ಕೆಲವರು ಕೆಡವಿ ಹೊಸದಾಗಿ ಕಟ್ಟಿದರು. ಮಿತಿ ಬಂದ ಕಟ್ಟಡಗಳಲ್ಲಿ ಒಟ್ಟಾರೆ ಬಾಡಿಗೆದಾರರ ಸಂಖ್ಯೆ ಶೇ. 15ರಷ್ಟು ಇಳಿಯಿತು, ಅಲ್ಲಿಗೆ ಹೊಸದಾಗಿ ಬಂದವರು ಹೆಚ್ಚು ವರಮಾನದವರು. ಬಾಡಿಗೆ ಮನೆಗಳು ಕಡಿಮೆಯಾದ್ದರಿಂದ ಊರಿನ ಒಟ್ಟಾರೆ ಬಾಡಿಗೆ ಶೇ. 5.1ರಷ್ಟು ಏರಿತು. ಸಂಶೋಧಕರ ಲೆಕ್ಕದಲ್ಲಿ ಇದ್ದವರಿಗೆ ಆದ ಲಾಭ ಸುಮಾರು 290 ಕೋಟಿ ಡಾಲರ್. ಬಾಡಿಗೆ ಏರಿದ್ದರಿಂದ ಆದ ನಷ್ಟವೂ ಸುಮಾರು ಅಷ್ಟೇ. ಆ ನಷ್ಟದ ಗಣನೀಯ ಪಾಲು ಮನೆ ಹುಡುಕುತ್ತಾ ಆಮೇಲೆ ಬಂದವರ ಮೇಲೂ ಬಿತ್ತು. ಮತದಾನದ ದಿನ ಅವರಲ್ಲಿ ಎಷ್ಟೋ ಮಂದಿ ಆ ಊರಿನಲ್ಲೇ ಇರಲಿಲ್ಲ.

ಮುಂಬಯಿ ಕನ್ನಡಿಗರಿಗೆ ಇದರ ಇನ್ನೊಂದು ರೂಪ ಗೊತ್ತು. 1947ರ ಕಾನೂನು ಅಲ್ಲಿನ ಹಳೆಯ ಮನೆಗಳ ಬಾಡಿಗೆಯನ್ನು 1940ರ ಮಟ್ಟಕ್ಕೆ ಬಿಗಿಯಿತು. ಬಾಡಿಗೆದಾರಿಕೆಯೇ ಪಗಡಿ ಎಂಬ ದೊಡ್ಡ ಇಡಿಗಂಟಿಗೆ ಕೈಬದಲಾಗುವ ಸ್ವತ್ತಾಯಿತು. ರಿಪೇರಿಗೂ ಸಾಲದ ಬಾಡಿಗೆಯಿಂದ ಕಟ್ಟಡಗಳು ಶಿಥಿಲವಾದವು.

ಬಾಡಿಗೆ ದಿಢೀರನೆ ಏರಿದಾಗ ಆ ಹೊರೆಯನ್ನು ಮಾಲೀಕರ ಮೇಲೆ ಹೇರದೆ, ಸರ್ಕಾರವೇ ಬಾಡಿಗೆದಾರರಿಗೆ ಸಹಾಯಧನವನ್ನೋ ತೆರಿಗೆ ರಿಯಾಯಿತಿಯನ್ನೋ ಕೊಡಬಹುದು ಎಂಬುದು ಡೈಮಂಡ್ ತಂಡದ ಸಲಹೆ. ನನಗೆ ಅದು ಒಪ್ಪಿಗೆ. ಜೊತೆಗೆ ಹೊಸ ಮನೆಗಳೂ ಏಳಬೇಕು, ಇಲ್ಲದಿದ್ದರೆ ಆ ಸಹಾಯಧನವೂ ಬಾಡಿಗೆಯಲ್ಲೇ ಕರಗಿಹೋಗುತ್ತದೆ.