ಒಂದಡಿ ಫರ್ಸಿಗೇ ಲಾರಿ ಭರ್ತಿ

ನೆಲಕ್ಕೆ ಹಾಸುವ ಶಹಾಬಾದಿನ ಫರ್ಸಿ ಕಲ್ಲು ಘನ ಮೀಟರಿಗೆ ಹೆಚ್ಚುಕಡಿಮೆ 2.6 ಟನ್ ತೂಗುತ್ತದೆ. ಆರು ಚಕ್ರದ ಲಾರಿಗೆ ಸರಕು ಸೇರಿ ಒಟ್ಟು 18.5 ಟನ್ ಮಿತಿ, 16.2 ಇದ್ದದ್ದನ್ನು 2018ರಲ್ಲಿ ಕೇಂದ್ರ ಸರ್ಕಾರ ಇಷ್ಟಕ್ಕೆ ಏರಿಸಿತು. ಖಾಲಿ ಲಾರಿಯೇ ಆರೂವರೆ ಟನ್ ಇದ್ದರೆ ಹೇರಲು ಉಳಿಯುವುದು 12 ಟನ್. ಏಳು ಮೀಟರ್ ಉದ್ದ, ಎರಡೂಕಾಲು ಮೀಟರ್ ಅಗಲದ ಬಾಡಿಯಲ್ಲಿ ಅಷ್ಟು ಕಲ್ಲು ಹಾಸಿದರೆ ಒಂದಡಿಯೂ ಏರುವುದಿಲ್ಲ. ನೋಡಿದವರಿಗೆ ಲಾರಿ ಇನ್ನೂ ಖಾಲಿ. ಓವರ್‌ಲೋಡ್ ಶುರುವಾಗುವುದು ಇಲ್ಲೇ.

ಅದೇ ಲಾರಿ ಇನ್ನೂ 7 ಟನ್ ಹೊತ್ತು 25.5 ಟನ್ ಆಯಿತೆನ್ನಿ. ಮೋಟಾರು ವಾಹನ ಕಾಯ್ದೆಯ 194ನೇ ಕಲಂ ಪ್ರಕಾರ ಮೂಲ ದಂಡ 20,000 ರೂಪಾಯಿ, ಹೆಚ್ಚುವರಿ ಟನ್ನಿಗೆ 2,000ದಂತೆ 14,000, ಒಟ್ಟು 34,000. ಹೆಚ್ಚಿನ ಮಾಲು ಇಳಿಸುವ ಖರ್ಚೂ ನಿಮ್ಮದೇ, ಇಳಿಸದೆ ಗಾಡಿ ಬಿಡುವುದಿಲ್ಲ. ತೂಕಕ್ಕೆ ನಿಲ್ಲಿಸದೆ ಹೋದರೆ 40,000. ಡ್ರೈವರ್ ಒಬ್ಬನದೇ ತಪ್ಪು ಎಂದು ಮಾಲೀಕ ಕೈತೊಳೆದುಕೊಳ್ಳುವುದೂ ಕಷ್ಟ: ಅವನಿಗೆ ಗೊತ್ತಿದ್ದೇ ಹೇರಲಾಗಿದೆ ಎಂದು ನ್ಯಾಯಾಲಯ ಭಾವಿಸಬಹುದು.

ದಂಡಕ್ಕಿಂತ ದುಬಾರಿಯಾದದ್ದು ಬ್ರೇಕ್. ಭಾರ ಹೆಚ್ಚಿದಷ್ಟೂ ಟೈರಿನ ಹಿಡಿತ ಹೆಚ್ಚುತ್ತದಲ್ಲ, ನಿಲ್ಲುವ ದೂರ ಯಾಕೆ ಬದಲಾಗಬೇಕು ಎಂದು ಕೇಳುವವರಿದ್ದಾರೆ. ಪ್ರಶ್ನೆ ಸರಿಯಾದದ್ದೇ. ಆದರೆ ಚಕ್ರದೊಡನೆ ತಿರುಗುವ ಡ್ರಮ್, ಅದನ್ನು ಒಳಗಿನಿಂದ ಒತ್ತಿ ನಿಲ್ಲಿಸುವ ಲೈನರ್, ಆ ಒತ್ತು ಕೊಡುವ ಬ್ರೇಕ್ ಚೇಂಬರುಗಳ ಶಕ್ತಿ 18.5 ಟನ್ನಿಗೆ ಅಳೆದು ಇಟ್ಟದ್ದು. ಹೇರು ಹೆಚ್ಚಿತೆಂದು ಅದು ಹೆಚ್ಚುವುದಿಲ್ಲ. ಗಂಟೆಗೆ 60 ಕಿ.ಮೀ. ವೇಗದಿಂದ ಒಳ್ಳೆಯ ಬ್ರೇಕಿನಲ್ಲಿ 28 ಮೀಟರಿಗೆ ನಿಲ್ಲಬೇಕಾದ ಗಾಡಿ, 25.5 ಟನ್ ಆದಾಗ 38 ಮೀಟರ್ ತೆಗೆದುಕೊಳ್ಳುತ್ತದೆ. ಡ್ರೈವರ್ ಕಾಲು ಪೆಡಲಿಗೆ ಹೋಗುವ ಮುಂಚಿನ ದೂರ ಬೇರೆ. ಬೀದರ್ ಪ್ರಸ್ಥಭೂಮಿಯಿಂದ ಇಳಿಯುವ ಇಳಿಜಾರಿನಲ್ಲಿ ಪೆಡಲ್ ಒತ್ತಿಕೊಂಡೇ ಬಂದರೆ ಡ್ರಮ್ ಕಾದು ಹಿಗ್ಗಿ ಲೈನರಿನಿಂದ ದೂರ ಸರಿಯುತ್ತದೆ, ಲೈನರೂ ಸುಟ್ಟ ವಾಸನೆ ಬಿಟ್ಟು ಜಾರತೊಡಗುತ್ತದೆ. ಇಳಿಯುವ ಮೊದಲೇ ಕೆಳಗಿನ ಗೇರಿಗೆ ಹಾಕಬೇಕು. ಅರ್ಧ ಇಳಿದ ಮೇಲೆ ಗೇರ್ ಬೀಳುವುದಿಲ್ಲ.

ಟೈರಿನ ಪಕ್ಕದಲ್ಲಿ 149/146 ಎಂದು ಅಚ್ಚಾಗಿರುವುದನ್ನು ಓದುವವರು ಕಡಿಮೆ. ಒಂಟಿಯಾಗಿ ಹಾಕಿದರೆ 3,250 ಕೆ.ಜಿ., ಜೋಡಿಯಾಗಿ ಹಾಕಿದರೆ ತಲಾ 3,000 ಕೆ.ಜಿ. ಎಂದು ಅದರ ಅರ್ಥ. ಹಿಂದಿನ ಆಕ್ಸಲ್ಲಿನ (ಚಕ್ರಗಳನ್ನು ಕೂಡಿಸುವ ಅಚ್ಚಿನ) ನಾಲ್ಕು ಸೇರಿ 12 ಟನ್. ಆ ಆಕ್ಸಲ್‌ಗೆ ಕಾನೂನಿನ ಮಿತಿ 11.5. ಹೆಚ್ಚಿನ 7 ಟನ್ನಿನಲ್ಲಿ ಆರು ಹಿಂದಕ್ಕೆ ಬಿದ್ದರೆ ಒಂದೊಂದು ಟೈರಿನ ಮೇಲೆ ಸುಮಾರು 4,375 ಕೆ.ಜಿ. ಪಕ್ಕದ ಗೋಡೆ ಸುತ್ತುಸುತ್ತಿಗೂ ಬಗ್ಗಿ ಒಳಗೇ ಕಾಯುತ್ತದೆ, ಕಲಬುರಗಿಯ ಮೇ ತಿಂಗಳ ಡಾಂಬರು ಕೆಳಗಿನಿಂದ ಕಾಯಿಸುತ್ತದೆ. ಟೈರ್ ಬಿಸಿಯಾಗಿದೆ ಎಂದು ದಾರಿಯಲ್ಲಿ ಗಾಳಿ ಬಿಡುವ ಅಭ್ಯಾಸ ಅಪಾಯಕಾರಿ. ಗಾಳಿ ಕಡಿಮೆಯಾದ ಟೈರ್ ಇನ್ನೂ ಹೆಚ್ಚು ಬಗ್ಗುತ್ತದೆ, ಇನ್ನೂ ಕಾದು ಒಡೆಯುತ್ತದೆ.

ರಸ್ತೆಗೆ ಆಗುವ ಹಾನಿ ಆಕ್ಸಲ್ ಭಾರದ ಸುಮಾರು ನಾಲ್ಕನೇ ಘಾತದಂತೆ ಏರುತ್ತದೆ ಎಂದು 1950ರ ದಶಕದ ಕೊನೆಯಲ್ಲಿ ಅಮೆರಿಕದ ಇಲಿನಾಯ್‌ನಲ್ಲಿ ಶುರುವಾದ ಪರೀಕ್ಷೆ ತೋರಿಸಿತು. 11.5 ಟನ್ನಿನ ಆಕ್ಸಲ್ 17.5 ಆದರೆ ಐದು ಪಟ್ಟಿಗೂ ಹೆಚ್ಚು ಹಾನಿ. ಕೆಳಗೆ ಮಳೆಗೆ ಉಬ್ಬಿ ಬಿಸಿಲಿಗೆ ಬಿರಿಯುವ ಎರೆ ಮಣ್ಣು ಇದ್ದರಂತೂ ಕೇಳುವುದೇ ಬೇಡ.

ಆಳಂದ, ಅಫಜಲಪುರ, ಭಾಲ್ಕಿ ಕಡೆಯ ಕಬ್ಬಿನ ಡಬಲ್ ಟ್ರಾಲಿಯ ತೊಂದರೆ ಬೇರೆ ಬಗೆಯದು. ಅಲ್ಲಿ ತೂಕದಷ್ಟೇ ಕಾಡುವುದು ಎತ್ತರ. ಭಾರದ ಕೇಂದ್ರ ಮೇಲೇರಿದಂತೆ ತಿರುವಿನಲ್ಲಿ ಟ್ರಾಲಿ ಬೇಗ ಮಗುಚುತ್ತದೆ. ಟ್ರಾಲಿಗೆ ಸ್ವಂತ ಬ್ರೇಕ್ ಇಲ್ಲದಿದ್ದರೆ ಇಳಿಜಾರಿನಲ್ಲಿ ಅದು ಟ್ರ್ಯಾಕ್ಟರನ್ನೇ ತಳ್ಳಿ ಅಡ್ಡ ತಿರುಗಿಸುತ್ತದೆ. ಜೋತುಬಿದ್ದ ಕಬ್ಬು ಹಿಂದಿನ ಲೈಟನ್ನು ಮುಚ್ಚಿದರೆ ರಾತ್ರಿ ಬರುವ ಬೈಕಿನವನಿಗೆ ಟ್ರಾಲಿ ಕಾಣುವುದು ತೀರ ಹತ್ತಿರ ಬಂದ ಮೇಲೆ. ಮಾಲು ಬಾಡಿಯ ಹೊರಗೆ ಚಾಚಿದ್ದಕ್ಕೂ 20,000 ದಂಡವಿದೆ. ಹೋಲಿಸಿದರೆ ಟಂಟಂ, ಕ್ರೂಸರ್‌ಗಳಲ್ಲಿ ಜನ ತುಂಬಿದ್ದಕ್ಕೆ ಕಾಯ್ದೆಯ ದಂಡ ಅಗ್ಗ: ಹೆಚ್ಚುವರಿ ತಲೆಗೆ 200. ಜೀವಕ್ಕೆ ಕಲ್ಲಿಗಿಂತ ಕಡಿಮೆ ದರ ಕಟ್ಟಿದ್ದು ನಮಗಂತೂ ಒಪ್ಪಿಗೆಯಿಲ್ಲ.

ಹೊರಡುವ ಮುಂಚೆ ಗಾಡಿ ತೂಗುವ ಕಾಟಾಕ್ಕೆ ಹೋದಾಗ ಒಟ್ಟು ತೂಕದ ಚೀಟಿಯಷ್ಟೇ ಸಾಲದು. ಮೊದಲು ಮುಂದಿನ ಚಕ್ರ ಮಾತ್ರ ಏರಿಸಿ ಬರೆಸಿ, ಆಮೇಲೆ ಇಡೀ ಗಾಡಿ. ಎರಡರ ವ್ಯತ್ಯಾಸವೇ ಹಿಂದಿನ ಆಕ್ಸಲ್ ಭಾರ. ಒಟ್ಟು 18.5ರೊಳಗಿದ್ದೂ ಹಿಂದೆ 11.5 ದಾಟಿದ್ದರೆ ಮಾಲು ಕ್ಯಾಬಿನ್ ಕಡೆ ಸರಿಯಬೇಕು. ಮುಂದೆ 7 ಟನ್ ಮೀರದಂತೆ.