ಯುಗಾದಿ ಹೊತ್ತಿನ ಚಿಟ್ಟೆಗೆ ಬೇಸಿಗೆ ಅಂಗಿ

ಚಿಟ್ಟೆಗಳ ಫೋಟೊ ತೆಗೆಯಲು ಶುರುಮಾಡಿದ ಮೊದಲ ವರ್ಷದ ನನ್ನ ನೋಟ್‌ಬುಕ್ಕಿನಲ್ಲಿ ಒಂದು ತಮಾಷೆ ಇದೆ. ಮಾರ್ಚ್‌ನಲ್ಲಿ ಅಡಿಕೆ ತೋಟದ ತರಗೆಲೆಗಳ ನಡುವೆ ತೆಗೆದ ಮೂರು ಫೋಟೊಗಳಿಗೆ ಮೂರು ಬೇರೆ ಹೆಸರು ಬರೆದಿಟ್ಟಿದ್ದೆ. ಒಂದು ಒಣಹುಲ್ಲಿನ ಬಣ್ಣ, ಒಂದು ಇಟ್ಟಿಗೆ ಪುಡಿಯ ಹಾಗೆ, ಇನ್ನೊಂದರ ಮೈತುಂಬ ಕಪ್ಪು ಮಚ್ಚೆ. ಪುಸ್ತಕದ ಚಿತ್ರಕ್ಕೆ ಮೂರೂ ಸರಿಯಾಗಿ ಹೊಂದುತ್ತಿರಲಿಲ್ಲ. ಕೊನೆಗೆ ತಿಳಿದವರೊಬ್ಬರಿಗೆ ತೋರಿಸಿದೆ. ಅವರು ನಕ್ಕರು. "ಮೂರೂ ಒಂದೇ ಕಣ್ರೀ, ಕಾಮನ್ ಈವ್ನಿಂಗ್ ಬ್ರೌನ್. ಪುಸ್ತಕದಲ್ಲಿರೋದು ಮಳೆಗಾಲದ್ದು. ನೀವು ತೆಗೆದಿರೋದು ಬೇಸಿಗೇದು."

ಹೊಸದಾಗಿ ಕಲಿಯುವವರು ಮೊದಲು ಎಡವುವುದೇ ಇಲ್ಲಿ. ನಮಗೆ ವಸಂತ ಅಂದರೆ ಮಾವಿನ ಚಿಗುರು, ಹೊಂಗೆ ಹೂವು. ಚಿಟ್ಟೆಯ ಲೆಕ್ಕದಲ್ಲಿ ಮಾತ್ರ ಅದು ಒಣಗಾಲದ ಕೊನೆ. ಹುಲ್ಲು ಒಣಗಿದೆ, ನೆಲದ ತುಂಬ ಉದುರಿದ ಎಲೆ. ಅಲ್ಲಿ ಬಚ್ಚಿಟ್ಟುಕೊಳ್ಳಬೇಕಾದರೆ ಅಂಗಿಯೂ ಅದಕ್ಕೆ ತಕ್ಕ ಹಾಗೆ ಇರಬೇಕಲ್ವಾ?

ಒಂದೇ ಚಿಟ್ಟೆ, ಎರಡು ಅಂಗಿ

ಈವ್ನಿಂಗ್ ಬ್ರೌನ್ ಮಳೆಗಾಲದಲ್ಲಿ ಹುಟ್ಟಿದರೆ ರೆಕ್ಕೆಯ ಹೊರಬದಿಯ (ಮಡಿಚಿದಾಗ ಕಾಣುವ ಬದಿಯ) ಅಂಚಿನಲ್ಲಿ ಸಾಲಾಗಿ ಕಣ್ಣಿನಂಥ ಉಂಗುರಗಳು ಇರುತ್ತವೆ. ಒಣಗಾಲದಲ್ಲಿ ಹುಟ್ಟಿದ್ದಕ್ಕೆ ಆ ಕಣ್ಣುಗಳು ಬರೀ ಚುಕ್ಕೆಗಳಾಗಿ ಕುಗ್ಗುತ್ತವೆ, ಮುಂದಿನ ರೆಕ್ಕೆಯ ತುದಿ ಚೂಪಾಗಿ ಬಾಗುತ್ತದೆ, ಇಡೀ ಚಿಟ್ಟೆ ಒಣ ಎಲೆಯಂತೆ ಆಗುತ್ತದೆ. ಉದುರಿದ ಎಲೆಗಳಲ್ಲಿ ಎರಡು ಒಂದೇ ಥರ ಇರುವುದಿಲ್ಲ. ಹಾಗೆಯೇ ಈ ಚಿಟ್ಟೆಗಳೂ ಒಂದರಂತೆ ಇನ್ನೊಂದು ಇರುವುದಿಲ್ಲ. ನನ್ನ ಮೂರು ಹೆಸರಿನ ಕಥೆ ಹುಟ್ಟಿದ್ದು ಹೀಗೆ.

ಕಾರಣ ಸರಳ. ಮಳೆಗಾಲದ ಹಸಿರಿನಲ್ಲಿ ಕಂದು ಚಿಟ್ಟೆ ಹೇಗೂ ಕಣ್ಣಿಗೆ ಬೀಳುತ್ತದೆ. ಆಗ ಅಂಚಿನ ಕಣ್ಣುಗಳು ಹಕ್ಕಿ, ಓತಿಕೇತಗಳ ಏಟನ್ನು ತಮ್ಮ ಕಡೆ ಎಳೆದುಕೊಳ್ಳುತ್ತವೆ. ರೆಕ್ಕೆಯ ಚೂರು ಹೋಗುತ್ತದೆ, ತಲೆ ಉಳಿಯುತ್ತದೆ. ಒಣಗಾಲದಲ್ಲಿ ಕಾಣದೇ ಇರುವುದೇ ಜಾಸ್ತಿ ಲಾಭ. ಯಾವ ಅಂಗಿ ಅನ್ನುವುದು ತೀರ್ಮಾನವಾಗುವುದು ಕಂಬಳಿಹುಳವಾಗಿದ್ದಾಗಿನ ಹವೆಯ ಮೇಲೆ. ರೆಕ್ಕೆ ಬಂದ ಮೇಲೆ ಬಟ್ಟೆ ಬದಲಿಸುವ ಹಾಗಿಲ್ಲ.

ಪೀಕಾಕ್ ಪ್ಯಾನ್ಸಿ ಇನ್ನೂ ಒಳ್ಳೆಯ ಉದಾಹರಣೆ. ರೆಕ್ಕೆ ಬಿಚ್ಚಿ ಕೂತರೆ ಎರಡೂ ಕಾಲದಲ್ಲಿ ಅದೇ ಕಿತ್ತಳೆ, ಅದೇ ದೊಡ್ಡ ಕಣ್ಣುಗಳು. ಮಡಿಚಿದಾಗ ನೋಡಿ. ಬೇಸಿಗೆಯದಕ್ಕೆ ಕಣ್ಣುಗಳೇ ಇಲ್ಲ. ಎಲೆಯ ನಡುನರದಂತೆ ಒಂದು ಗೆರೆ, ಹಿಂದಿನ ರೆಕ್ಕೆಯಲ್ಲಿ ಎಲೆತೊಟ್ಟಿನಂಥ ಒಂದು ತುದಿ. ಅದಕ್ಕೇ ನನ್ನ ಮೊದಲ ನಿಯಮ: ರೆಕ್ಕೆ ಬಿಚ್ಚಿದ ಚಂದದ ಫೋಟೊ ಸಿಕ್ಕಿತೆಂದು ಎದ್ದು ಬರಬೇಡಿ. ಅದು ಮಡಿಚುವವರೆಗೆ ಕಾದು ಇನ್ನೊಂದು ತೆಗೆಯಿರಿ. ಪುಟಾಣಿ ನೀಲಿ ಚಿಟ್ಟೆಗಳಲ್ಲಂತೂ ಗುರುತೆಲ್ಲ ಇರುವುದು ಹೊರಬದಿಯ ಗೆರೆ, ಚುಕ್ಕೆಗಳಲ್ಲೇ.

ಓಡಬೇಡಿ, ಗಿಡದ ಹತ್ತಿರ ಕೂರಿ

ಚಿಟ್ಟೆಯ ಹಿಂದೆ ಓಡಿದರೆ ಸಿಗುವುದು ಅದರ ಬೆನ್ನಿನ ಮಸುಕು ಚಿತ್ರ. ಅದರ ಬದಲು ಮೊಟ್ಟೆ ಇಡುವ ಗಿಡ ಯಾವುದು ತಿಳಿದುಕೊಳ್ಳಿ. ಎಕ್ಕದ ಗಿಡಕ್ಕೆ ಪ್ಲೇನ್ ಟೈಗರ್ ಬರುತ್ತದೆ. ಕಣಗಿಲೆಗೆ ಕಾಮನ್ ಕ್ರೋ, ಕಕ್ಕೆ ಮರಕ್ಕೆ ಎಮಿಗ್ರಂಟ್, ಸಂಪಿಗೆಗೆ ಟೇಲ್ಡ್ ಜೇ. ನಮ್ಮ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಜಾತಿಯ ಗಿಡಗಳ ಮೇಲೆ. ಮಾರ್ಚ್ ಹೊತ್ತಿಗೆ ಹೊಂಗೆ ಚಿಗುರಿದಾಗ ಅದರ ಕೆಳಗೆ ಸುಮ್ನೆ ಹತ್ತು ನಿಮಿಷ ನಿಂತರೂ ಕಾಮನ್ ಸಿರೂಲಿಯನ್ ಕಾಣುವ ಸಾಧ್ಯತೆ ಇದೆ.

ಕಾಡಿಗೆ ಹೋಗಲಾಗದವರಿಗೆ ಕುಂಡದ ಕರಿಬೇವು ಸಾಕು. ನಮ್ಮ ಮನೆಯ ತಾರಸಿಯಲ್ಲಿ ಎರಡು ಕುಂಡಗಳಿವೆ. ಕಾಮನ್ ಮಾರ್ಮನ್ ಎಂಬ ಚಿಟ್ಟೆಯ ಹೆಣ್ಣು ಬಂದು ಎಳೆ ಎಲೆಯನ್ನು ಮುಂಗಾಲಿನಿಂದ ತಟ್ಟಿ ನೋಡುತ್ತದೆ. ಕಾಲಿನಲ್ಲೇ ರುಚಿ ನೋಡುವುದು ಅದು. ಒಪ್ಪಿಗೆಯಾದರೆ ಹೊಟ್ಟೆ ಬಗ್ಗಿಸಿ ಸಾಸಿವೆಗಿಂತ ಚಿಕ್ಕದಾದ ತಿಳಿಹಳದಿ ಮೊಟ್ಟೆಯನ್ನು ಅಂಟಿಸಿ ಮುಂದಿನ ಎಲೆಗೆ ಹಾರುತ್ತದೆ. ಎಳೆ ಹುಳು ಹಕ್ಕಿ ಹಿಕ್ಕೆಯ ಹಾಗೆ ಕಾಣುತ್ತದೆ, ಬೆಳೆದ ಮೇಲೆ ಅಚ್ಚ ಹಸಿರು. ಬೆರಳಿನಿಂದ ಮುಟ್ಟಿದರೆ ತಲೆಯ ಹಿಂದಿನಿಂದ ಕೆಂಪನೆಯ ಕವಲು ಕೊಂಬು ಹೊರಬರುತ್ತದೆ, ಜತೆಗೆ ಘಾಟು ವಾಸನೆ. ಅಮ್ಮ ಒಗ್ಗರಣೆಗೆ ಎಲೆ ಕೀಳಲು ಹೋಗಿ ಇದನ್ನು ನೋಡಿದ ದಿನದಿಂದ ಒಂದು ಕುಂಡ ಅಡುಗೆಗೆ, ಒಂದು ಚಿಟ್ಟೆಗೆ ಎಂದು ಪಾಲಾಗಿದೆ.

ಕರಿಬೇವಿಗೆ ಬರುವ ಕಾಮನ್ ಮಾರ್ಮನ್‌ನಲ್ಲಿ ಇನ್ನೊಂದು ಮೋಸ ಉಂಟು. ಅದರ ಕೆಲವು ಹೆಣ್ಣುಗಳು ಕಾಮನ್ ರೋಸ್ ಎಂಬ ಇನ್ನೊಂದು ಚಿಟ್ಟೆಯ ವೇಷ ಹಾಕುತ್ತವೆ. ರೋಸ್ ಹುಳುವಾಗಿದ್ದಾಗ ವಿಷದ ಬಳ್ಳಿ ತಿಂದು ಬೆಳೆದದ್ದು, ಹಕ್ಕಿಗಳು ಮುಟ್ಟುವುದಿಲ್ಲ. ಮಾರ್ಮನ್‌ಗೆ ವಿಷವಿಲ್ಲ, ವೇಷ ಮಾತ್ರ. ಬಿಡಿಸುವುದು ಹೇಗೆ? ರೆಕ್ಕೆ ಬಿಡಿ, ಮೈ ನೋಡಿ. ರೋಸ್‌ನ ಮೈ ಕೆಂಪು, ಮಾರ್ಮನ್‌ನ ಮೈ ಕಪ್ಪು. ಅಂದರೆ ಫೋಟೊದಲ್ಲಿ ಮೈ ಸ್ಪಷ್ಟವಾಗಿ ಬರಬೇಕು.

ಕ್ಯಾಮೆರಾ ಮಾತು

ಮೊಬೈಲ್ ಸಾಕು. ಕ್ಯಾಮೆರಾ ಇದ್ದರೆ ಷಟರ್ 1/500 ಸೆಕೆಂಡ್ ಅಥವಾ ಅದಕ್ಕಿಂತ ವೇಗ, ಅಪರ್ಚರ್ (ಬೆಳಕು ಬರುವ ಕಿಂಡಿ) ಎಫ್/8ರ ಆಸುಪಾಸು. ಇದಕ್ಕಿಂತ ಮುಖ್ಯವಾದದ್ದು ಕೋನ. ಮಡಿಚಿದ ರೆಕ್ಕೆಗೆ ಎದುರಾಗಿ, ಗೋಡೆಗೆ ಕನ್ನಡಿ ಹಿಡಿದ ಹಾಗೆ, ಲೆನ್ಸ್ ನೇರವಾಗಿರಬೇಕು. ಸ್ವಲ್ಪ ಓರೆಯಾದರೂ ಅರ್ಧ ರೆಕ್ಕೆ ಮಸುಕು. ಫೋಕಸ್ ಕಣ್ಣಿನ ಮೇಲೆ. ಬಿಳಿ, ಹಳದಿ ಚಿಟ್ಟೆಗಳಿಗೆ ಎಕ್ಸ್‌ಪೋಷರ್ ಸ್ವಲ್ಪ ಇಳಿಸಿ, ಇಲ್ಲದಿದ್ದರೆ ರೆಕ್ಕೆಯ ನರಗಳೇ ಅಳಿಸಿಹೋಗುತ್ತವೆ.

ಹೊತ್ತು ಬೆಳಿಗ್ಗೆ ಎಂಟರಿಂದ ಹತ್ತು. ಆಗ ಅವು ಬಿಸಿಲು ಕಾಯಿಸಿಕೊಳ್ಳುತ್ತಾ ಕೂತಿರುತ್ತವೆ. ನಿಮ್ಮ ನೆರಳು ಮಾತ್ರ ಬೀಳಬಾರದು, ನೆರಳು ಬಿದ್ದ ಕೂಡಲೇ ಹಾರಿಬಿಡುತ್ತವೆ. ಹನ್ನೊಂದರ ಮೇಲೆ ಮಲೆನಾಡಿನಲ್ಲಿದ್ದರೆ ಹಳ್ಳದ ದಡಕ್ಕೆ ಹೋಗಿ. ಬೇಸಿಗೆಯಲ್ಲಿ ನೀರು ಇಳಿದ ಕಡೆ ಒದ್ದೆ ಮರಳಿನ ಮೇಲೆ ಬ್ಲೂಬಾಟಲ್ ಚಿಟ್ಟೆಗಳು, ಎಮಿಗ್ರಂಟ್‌ಗಳು ಗುಂಪಾಗಿ ಕೂತು ಹೀರುತ್ತಿರುತ್ತವೆ. ಹೆಚ್ಚಿನವು ಗಂಡುಗಳು. ಅವಕ್ಕೆ ಬೇಕಾದದ್ದು ನೀರಿಗಿಂತ ಅದರಲ್ಲಿನ ಉಪ್ಪು. ಕೂಡುವಾಗ ಆ ಉಪ್ಪಿನ ಪಾಲು ಹೆಣ್ಣಿಗೆ, ಅಲ್ಲಿಂದ ಮೊಟ್ಟೆಗೆ ಹೋಗುತ್ತದೆ. ಹೀರಲು ತೊಡಗಿದ ಮೇಲೆ ಅಷ್ಟು ಸುಲಭವಾಗಿ ಏಳುವುದಿಲ್ಲ. ಮೊಣಕಾಲೂರಿ ನಿಧಾನ ಹತ್ತಿರ ಹೋಗಿ. ಪ್ಯಾಂಟ್ ಒದ್ದೆಯಾಗುತ್ತದೆ, ಆಗಲಿ. ಕೆಲವರು ಚಿಟ್ಟೆಯನ್ನು ಹಿಡಿದು ಫ್ರಿಜ್ಜಿನಲ್ಲಿಟ್ಟು ಮಂಕು ಮಾಡಿ ಫೋಟೊ ತೆಗೆಯುತ್ತಾರೆ. ಅದು ನನಗೆ ಫೋಟೊಗ್ರಫಿ ಅಲ್ಲ.

ರಾತ್ರಿ ಪಾಳಿ

ಪತಂಗ ನೋಡಲು ಯುಗಾದಿ ಒಳ್ಳೆಯ ಹೊತ್ತು. ಯುಗಾದಿ ಬರುವುದೇ ಅಮಾವಾಸ್ಯೆಯ ಮರುದಿನ, ಆಕಾಶ ಕತ್ತಲು. ಅದರ ಮೇಲೆ ಒಂದು ಮಳೆ ಬಿದ್ದು ಸೆಕೆ ಹಿಡಿದಿದ್ದರೆ ಇನ್ನೂ ಒಳ್ಳೆಯದು. ಹಳೆಯ ಬಿಳಿ ಪಂಚೆ ಹಗ್ಗಕ್ಕೆ ಹಾಕಿ, ಮುಂದೆ ಬಲ್ಬ್ ಇಳಿಬಿಡಿ. ನೇರಳಾತೀತ ಬೆಳಕಿನ ಬಲ್ಬ್ ಆದರೆ ಜಾಸ್ತಿ ಬರುತ್ತವೆ.

ಪತಂಗ ದೀಪಕ್ಕೆ ಮರುಳಾಗಿ ಬರುತ್ತದೆ ಎನ್ನುತ್ತೇವೆ. 2024ರಲ್ಲಿ ಪ್ರಕಟವಾದ ಸಂಶೋಧನೆಯೊಂದು ಅತಿವೇಗದ ಕ್ಯಾಮೆರಾದಲ್ಲಿ ಬೇರೆಯೇ ಸಂಗತಿ ಕಂಡಿತು. ಹಾರುವ ಹುಳಗಳು ಬೆಳಕಿರುವ ಕಡೆಗೆ ಬೆನ್ನು ಮಾಡುತ್ತವೆ. ಬಯಲಿನಲ್ಲಿ ಬೆಳಕಿರುವುದು ಮೇಲೆ, ಆಕಾಶದಲ್ಲಿ, ಹಾಗಾಗಿ ತೊಂದರೆಯಿಲ್ಲ. ಪಕ್ಕದಲ್ಲಿ ಬಲ್ಬ್ ಇದ್ದರೆ ಅದಕ್ಕೆ ಬೆನ್ನು ತಿರುಗಿಸುತ್ತಾ ಅದರ ಸುತ್ತಲೇ ಸುತ್ತುತ್ತಾ ಉಳಿಯುತ್ತವೆ.

ಚಿಟ್ಟೆಯೋ ಪತಂಗವೋ ಅನುಮಾನ ಬಂದರೆ ಮೀಸೆ ನೋಡಿ. ಚಿಟ್ಟೆಯ ಮೀಸೆ ತುದಿಯಲ್ಲಿ ಗುಂಡಗೆ, ಪತಂಗದ್ದು ದಾರದಂತೆ ಅಥವಾ ಗರಿಯಂತೆ. ರೇಷ್ಮೆ ಸಾಕುವ ಮನೆಯಲ್ಲಿ ಗೂಡಿನಿಂದ ಹೊರಬಂದ ಪತಂಗ ನೋಡಿದವರಿಗೆ ಆ ಗರಿ ಮೀಸೆ ಗೊತ್ತಿರುತ್ತದೆ. ಹಗಲಲ್ಲಿ ಹಾರುವ ಪತಂಗಗಳೂ ಇವೆ, ಆದ್ದರಿಂದ ಹೊತ್ತನ್ನು ನಂಬಬೇಡಿ.

ಒಂದು ತಪ್ಪು ನಾನೇ ಮಾಡಿದ್ದು. ಮೊದಲ ಸಲ ರಾತ್ರಿಯಿಡೀ ಬಲ್ಬ್ ಉರಿಯಲು ಬಿಟ್ಟು ಮಲಗಿಬಿಟ್ಟೆ. ಬೆಳಿಗ್ಗೆ ಎದ್ದಾಗ ಪಂಚೆಯ ಮೇಲೆ ನಾಲ್ಕು ಹಲ್ಲಿ, ಹಗ್ಗದ ಮೇಲೆ ಒಂದು ಕಾಜಾಣ, ಕೆಳಗೆ ಬರೀ ರೆಕ್ಕೆಗಳು. ಈಗ ಹನ್ನೊಂದಕ್ಕೆ ದೀಪ ಆರಿಸುತ್ತೇನೆ. ಪಂಚೆ ಕೊಡವುವುದಿಲ್ಲ. ಒಂದೊಂದನ್ನೂ ಕಡ್ಡಿಗೆ ಹತ್ತಿಸಿಕೊಂಡು ದಾಸವಾಳದ ಬೇಲಿಯ ಒಳಗೆ ಬಿಟ್ಟು ಬರುತ್ತೇನೆ.